ಕರ್ಣನ ಪಾರ್ಟು ಹಿಡಿದವರ ಕಾಗದ

ಪ್ರಶ್ನೆ:



ನನ್ನದು ಚುಂಚನಕಟ್ಟೆ ಹತ್ತಿರದ ಹಳ್ಳಿ. ದಯವಿಟ್ಟು ಊರಿನ ಹೆಸರು, ನನ್ನ ಹೆಸರು ಹಾಕಬೇಡಿ. ವಯಸ್ಸು 27. ಬಿ.ಎ. ಮುಗಿಸಿ ಎರಡು ವರ್ಷ ಮೈಸೂರಿನಲ್ಲಿ ಕೆಲಸ ಮಾಡಿದೆ. ಅಪ್ಪನಿಗೆ ಹುಷಾರು ತಪ್ಪಿದ ಮೇಲೆ ಊರಿಗೆ ಬಂದು ಬೇಸಾಯ ನೋಡಿಕೊಂಡಿದ್ದೇನೆ. ಎರಡೂವರೆ ಎಕರೆ ಗದ್ದೆ, ಕಾಲುವೆ ನೀರು. ನಾನೊಬ್ಬನೇ ಮಗ.

ಈ ಸಲ ಊರಿನ ಹುಡುಗರೆಲ್ಲ ಸೇರಿ ‘ಕುರುಕ್ಷೇತ್ರ’ ಆಡುತ್ತಿದ್ದೇವೆ. ನಾನು ಕರ್ಣನ ಪಾರ್ಟು ಹಿಡಿದಿದ್ದೇನೆ. ಮೂರು ತಿಂಗಳಿಂದ ರಾತ್ರಿ ಊಟ ಮುಗಿಸಿ ರಾಮಮಂದಿರದಲ್ಲಿ ಪ್ರಾಕ್ಟೀಸು. ಒಂದು ರಾತ್ರಿ ಪಾರ್ಟಿನ ದುಡ್ಡಿನ ಲೆಕ್ಕಕ್ಕೆ ಜಗಳವಾಯಿತು. ದುರ್ಯೋಧನನ ಪಾರ್ಟು ಹಿಡಿದಿರುವವರು ನಮ್ಮ ದೊಡ್ಡಪ್ಪನ ಮಗ. ಕುಡಿದಿದ್ದರು. ಎಲ್ಲರ ಎದುರಿಗೇ, ‘ನಿಂಗೆ ಆ ಪಾರ್ಟೇ ಸರಿ ಕಣ್ಲಾ. ಹೆತ್ತೋರೊಬ್ರು, ಸಾಕ್ದೋರೊಬ್ರು’ ಅಂದುಬಿಟ್ಟರು. ಹಾರ್ಮೋನಿಯಂ ಮೇಷ್ಟ್ರು ಕೈ ನಿಲ್ಲಿಸಿದರು. ಯಾರೂ ನಗಲಿಲ್ಲ. ಸುಮ್ಮನೆ ಆಡಿದ ಮಾತಾಗಿದ್ದರೆ ನಗಬೇಕಾಗಿತ್ತು ಅಲ್ಲವಾ? ಎಲ್ಲರೂ ನೆಲ ನೋಡಿದರು.

ಆವತ್ತಿನಿಂದ ಹಳೆಯದೆಲ್ಲ ನೆನಪಿಗೆ ಬರುತ್ತಿದೆ. ಹೋದ ವರ್ಷ ಅಪ್ಪನ ಆಪರೇಷನ್ನಿಗೆ ರಕ್ತ ಬೇಕಾದಾಗ ಅಪ್ಪನದು ಓ ಗುಂಪು, ಅವ್ವನದೂ ಓ, ನನ್ನದು ಬಿ ಅಂತ ಬಂತು. ಆಗ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಹದಿನೈದು ದಿನದ ಹಿಂದೆ ಮೈಸೂರಿಗೆ ಹೋಗಿ ನಂದನ್ನ ಮತ್ತೆ ಮಾಡಿಸಿದೆ. ಬಿ ಅಂತಲೇ ಬಂತು. ಅವ್ವ ಸಂತೆಗೆ ಹೋದಾಗ ಟ್ರಂಕು ತೆಗೆದು ಹುಡುಕಿದೆ. ಕಾಗದಪತ್ರ ಏನೂ ಸಿಗಲಿಲ್ಲ. ಅಡಿಯಲ್ಲಿ ಒಂದು ಕೂಸಿನ ಕುಲಾವಿ ಇತ್ತು, ಅಷ್ಟೆ.

ಪಿರಿಯಾಪಟ್ಟಣದ ಕಡೆ ನಮ್ಮ ಚಿಕ್ಕವ್ವ ಇದ್ದಾರೆ, ಅವ್ವನ ತಂಗಿ. ಪ್ರತಿ ವರ್ಷ ಚುಂಚನಕಟ್ಟೆ ಜಾತ್ರೆಗೆ ಬರುವಾಗ ಅವರ ಹೆಣ್ಣುಮಕ್ಕಳಿಬ್ಬರಿಗೆ ಏನೂ ಕೊಳ್ಳದಿದ್ದರೂ ನನಗೊಂದು ಅಂಗಿ ತರುತ್ತಾರೆ. ಹೋಗುವಾಗ ನನ್ನ ತಲೆ ಮುಟ್ಟಿ ಹೋಗುತ್ತಾರೆ. ನನ್ನ ಅನುಮಾನ ಅವರ ಮೇಲೆಯೇ. ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿಲ್ಲ. 27 ವರ್ಷ ನನಗೆ ಮೋಸ ಮಾಡಿದರಲ್ಲ ಅಂತ ಒಳಗೆ ಉರಿಯುತ್ತದೆ. ನಿದ್ದೆ ಇಲ್ಲ. ಅವ್ವ ತಟ್ಟೆಗೆ ಮುದ್ದೆ ಹಾಕುವಾಗ ಮುಖ ನೋಡಲು ಆಗುತ್ತಿಲ್ಲ.

ಒಂದು ಉಪಾಯ ಮಾಡಿದ್ದೇನೆ. ನಾಟಕದ ರಾತ್ರಿ ಅವ್ವ, ಚಿಕ್ಕವ್ವ ಇಬ್ಬರೂ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಕುಂತಿ ಬರುವ ಸೀನಿನಲ್ಲಿ ಮೇಷ್ಟ್ರು ಕಲಿಸಿದ ಮಾತಿನ ಜೊತೆಗೆ ನನ್ನದೇ ನಾಲ್ಕು ಮಾತು ಸೇರಿಸಿ ಅವರಿಬ್ಬರ ಕಡೆ ನೋಡಿಕೊಂಡು ಆಡುತ್ತೇನೆ. ಮುಖ ನೋಡಿದರೆ ಗೊತ್ತಾಗಿಬಿಡುತ್ತದೆ. ಇದು ಸರಿಯಾ? ಇಲ್ಲದಿದ್ದರೆ ಏನು ಮಾಡಲಿ?

ಉತ್ತರ:

ತಮ್ಮಾ,

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ. ಬೇಡ. ನಾಟಕದ ರಾತ್ರಿ ಆ ನಾಲ್ಕು ಮಾತು ಆಡಬೇಡಿ.

ಯಾಕೆ ಅಂತ ಹೇಳುತ್ತೇನೆ. ನಾನು ಹುಟ್ಟಿ ಬೆಳೆದದ್ದು ಹುಣಸೂರಿನ ಕಡೆ. ಸಂಕ್ರಾಂತಿ ಕಳೆದು, ಒಕ್ಕಣೆ ಮುಗಿದು, ಜನ ಕೈಕಾಲು ಚಾಚಿ ಕೂರುವ ಹೊತ್ತಿಗೆ ಶುರುವಾಗುವ ಈ ನಾಟಕಗಳನ್ನು ಗೋಣಿಚೀಲದ ಮೇಲೆ ಕೂತು ಬೆಳಗಿನ ಜಾವದವರೆಗೂ ನೋಡಿದವಳು. ಹಾಗಾಗಿ ಗೊತ್ತು. ಹುಡುಗರು ತಮ್ಮ ಪಾರ್ಟಿಗೆ ತಾವೇ ದುಡ್ಡು ಕಟ್ಟಿರುತ್ತಾರೆ. ಸೀನರಿ ಬಾಡಿಗೆಗೆ ಬಂದಿರುತ್ತದೆ. ಕುಂತಿ, ದ್ರೌಪದಿ ಪಾತ್ರದ ಹೆಣ್ಣುಮಕ್ಕಳು ಹೊರಗಿನಿಂದ ಬರುವ ಕಲಾವಿದೆಯರು. ಆ ಸಂಜೆ ಬಂದು, ಬಣ್ಣ ಹಚ್ಚಿಕೊಂಡು, ಬೆಳಗಿನ ಬಸ್ಸಿಗೆ ಇನ್ನೊಂದು ಊರಿಗೆ ಹೊರಡುವವರು. ಪಾಪ, ಆ ಕುಂತಿಗೆ ನಿಮ್ಮ ಹೊಸ ಮಾತು ಎಲ್ಲಿಂದ ಬಂತು ಅಂತ ಹೇಗೆ ತಿಳಿಯಬೇಕು? ಏನು ಉತ್ತರ ಕೊಡಬೇಕು? ಇನ್ನು ರಂಗದ ಮೇಲೆ ನಿಂತವರ ಕಣ್ಣಿಗೆ ಫೋಕಸ್ ಲೈಟು ಹೊಡೆಯುವಾಗ ಮುಂದಿನ ಸಾಲಿನ ಮುಖವೂ ಕಪ್ಪಾಗಿಯೇ ಕಾಣುತ್ತದೆ. ಕಂಡರೂ ಏನು ಗೊತ್ತಾಗುತ್ತದೆ? ಕುಂತಿ ಕರ್ಣನನ್ನು ‘ಮಗನೇ’ ಅಂದ ಕೂಡಲೇ ಮುಂದೆ ಕೂತ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ನಿಮ್ಮವ್ವ ಅತ್ತರೆ ಅದು ಯಾವ ಅಳು ಅಂತ ನೀವು ರಂಗದ ಮೇಲಿಂದ ಹೇಗೆ ತೀರ್ಮಾನ ಮಾಡುತ್ತೀರಿ? ಅಷ್ಟರಲ್ಲಿ ಯಾರೋ ಬಂದು ನಿಮ್ಮ ಕೊರಳಿಗೆ ನೋಟಿನ ಹಾರ ಹಾಕುತ್ತಾರೆ, ಮೈಕಿನಲ್ಲಿ ಬಹುಮಾನ ಕೊಟ್ಟವರ ಹೆಸರು ಕೂಗುತ್ತಾರೆ. ಅದರ ನಡುವೆ ಇಬ್ಬರು ಹೆಂಗಸರ 27 ವರ್ಷದ ಗುಟ್ಟನ್ನು ಊರ ಮುಂದೆ ಬಿಚ್ಚುವುದೇ?

ನಿಮ್ಮ ಉಪಾಯ ಹೊಸದಲ್ಲ. ನೀವು ಕಾಲೇಜಿನಲ್ಲಿ ಓದಿದವರು, ಹ್ಯಾಮ್ಲೆಟ್ಟನ ಕಥೆ ಕೇಳಿರಬಹುದು. ಕುವೆಂಪು ಅದನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದರು. ಶೇಕ್ಸ್‌ಪಿಯರನ ಮೂಲದಲ್ಲಿ ರಾಜಕುಮಾರನಿಗೆ ಚಿಕ್ಕಪ್ಪನ ಮೇಲೆ ಅನುಮಾನ. ನಾಟಕದವರನ್ನು ಕರೆಸಿ, ತಂದೆ ಸತ್ತ ರೀತಿಯನ್ನೇ ಹೋಲುವ ಆಟ ಆಡಿಸಿ, ಅದಕ್ಕೆ ತನ್ನದೂ ನಾಲ್ಕು ಸಾಲು ಸೇರಿಸಿ, ರಾಜನ ಮುಖ ನೋಡುತ್ತಾ ಕೂರುತ್ತಾನೆ. ರಾಜ ಎದ್ದು ಹೋಗುತ್ತಾನೆ. ಗುಟ್ಟು ಸಿಕ್ಕಿತು ಅಂತ ಹುಡುಗ ಕುಣಿಯುತ್ತಾನೆ. ಆಮೇಲೆ ಅದೇ ರಾತ್ರಿ ತಾಯಿಯ ಕೋಣೆಗೆ ಹೋಗಿ, ಪರದೆ ಹಿಂದೆ ಯಾರೋ ಅಲುಗಾಡಿದ್ದಕ್ಕೆ, ಯಾರು ಅಂತಲೂ ನೋಡದೆ ಕತ್ತಿ ಹಾಯಿಸುತ್ತಾನೆ. ಸತ್ತವನು ರಾಜನಲ್ಲ, ಅವನು ಮೆಚ್ಚಿದ ಹುಡುಗಿಯ ಅಪ್ಪ. ಬಲೆ ಹಾಕಿ ಸತ್ಯ ಹಿಡಿಯಲು ಹೊರಟವರ ಕೈ ಆಮೇಲೆ ಯಾರ ಮೇಲೆ ಬೀಳುತ್ತದೋ ಅವರಿಗೇ ತಿಳಿಯುವುದಿಲ್ಲ. ಅಲ್ಲದೆ ಅವನು ಬಲೆ ಹಾಕಿದ್ದು ಕೊಲೆಗಾರನಿಗೆ. ನೀವು ಹಾಕಲು ಹೊರಟಿರುವುದು ನಿಮಗೆ ಮುದ್ದೆ ಬಡಿಸುವ ಕೈಗೆ.

ನಿಮ್ಮ ಅನುಮಾನ ನಿಜವೇ ಅಂತ ಕೇಳಿದರೆ, ನಿಜ ಇರಬಹುದು ಅಂತಲೇ ನನಗೂ ಅನಿಸುತ್ತದೆ. ತಂದೆ ತಾಯಿ ಇಬ್ಬರದೂ ಓ ಗುಂಪಾದರೆ ಮಗುವಿನದೂ ಸಾಮಾನ್ಯವಾಗಿ ಓ ಆಗಿರುತ್ತದೆ. ತೀರ ಅಪರೂಪಕ್ಕೆ ‘ಬಾಂಬೆ ಗುಂಪು’ ಎಂಬ ರಕ್ತದವರು ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತಾರೆ. ಅಂಥವರಿಗೆ ಬಿ ಗುಂಪಿನ ಮಗು ಹುಟ್ಟಬಹುದು. ನೀವು ನಿಮ್ಮದೊಂದನ್ನೇ ಎರಡನೇ ಸಲ ಮಾಡಿಸಿದ್ದೀರಿ. ಆದ್ದರಿಂದ ಚೀಟಿಯೊಂದನ್ನೇ ನಂಬಿ ತೀರ್ಪು ಕೊಡಬೇಡಿ. ಆದರೆ ಆ ರಾತ್ರಿ ಎಲ್ಲರೂ ನೆಲ ನೋಡಿದ್ದು, ಟ್ರಂಕಿನ ಅಡಿಯ ಕುಲಾವಿ, ಚಿಕ್ಕವ್ವ ತರುವ ಅಂಗಿ, ಇವೆಲ್ಲ ಸೇರಿ ಒಂದು ಕಥೆ ಹೇಳುತ್ತಿವೆ. ಆ ಕಥೆಯನ್ನು ನಿಮಗೆ ಹೇಳಬೇಕಾದವರು ಹೇಳಲಿ. ನೀವಾಗಿ ಹೆಣೆದು ಮುಗಿಸಬೇಡಿ.

ಈಗ ಕರ್ಣನ ಮಾತಿಗೆ ಬರೋಣ. ಮೂರು ತಿಂಗಳು ಅವನ ಮಾತನ್ನೇ ಬಾಯಿಪಾಠ ಮಾಡಿದ್ದೀರಿ. ನಿಮಗೆ ಗೊತ್ತಿಲ್ಲದ್ದು ನಾನೇನು ಹೇಳಲಿ? ಆದರೂ ಒಂದು ಜಾಗ ತೋರಿಸಬೇಕು. ನಮ್ಮ ಹಳ್ಳಿ ನಾಟಕಗಳಲ್ಲಿ ಅದು ಬರುವುದು ಕಡಿಮೆ, ವ್ಯಾಸಭಾರತದ ಆದಿಪರ್ವದಲ್ಲಿದೆ. ಹಸ್ತಿನಾವತಿಯ ರಂಗದಲ್ಲಿ ರಾಜಕುಮಾರರ ಶಸ್ತ್ರ ಪರೀಕ್ಷೆ. ಕರ್ಣ ಬಂದು ಅರ್ಜುನನನ್ನು ಕರೆಯುತ್ತಾನೆ. ನಿನ್ನ ಕುಲ ಯಾವುದು, ತಂದೆ ತಾಯಿ ಯಾರು ಅಂತ ಕೃಪಾಚಾರ್ಯ ಕೇಳುತ್ತಾನೆ. ಕರ್ಣ ತಲೆ ತಗ್ಗಿಸುತ್ತಾನೆ. ಹೆಂಗಸರ ನಡುವೆ ಕೂತ ಕುಂತಿಗೆ ಗೊತ್ತು. ಕರ್ಣ ಅರ್ಜುನರು ಎದುರಾದಾಗಲೇ ಮೂರ್ಛೆ ಹೋಗಿದ್ದಳು, ವಿದುರ ಉಪಚಾರ ಮಾಡಿಸಿದ್ದ. ಎಚ್ಚರವಾದ ಮೇಲೂ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಕೋಲೂರಿಕೊಂಡು, ಮೈ ಬೆವರಿ, ನಡುಗುತ್ತಾ ಮುದುಕ ಅಧಿರಥ ಒಳಗೆ ಬರುತ್ತಾನೆ. ಆಗ ತಾನೆ ಅಂಗರಾಜ್ಯದ ಅಭಿಷೇಕವಾಗಿ ಒದ್ದೆಯಾದ ತಲೆಯನ್ನು ಕರ್ಣ ಅಷ್ಟು ಜನರ ಮುಂದೆ ಆ ಸಾರಥಿಯ ಪಾದಕ್ಕೆ ಇಡುತ್ತಾನೆ. ಮುದುಕ ಅವನನ್ನು ಮಗನೇ ಅಂತ ತಬ್ಬಿಕೊಂಡು ಆ ತಲೆಯನ್ನು ಕಣ್ಣೀರಿನಿಂದ ಇನ್ನೊಮ್ಮೆ ನೆನೆಸುತ್ತಾನೆ. ಭೀಮ ಹಂಗಿಸುತ್ತಾನೆ, ಚಾಟಿ ಹಿಡಿ ಹೋಗು ಅಂತ.

ರಾಮಮಂದಿರದಲ್ಲಿ ನಿಮಗೆ ಆದದ್ದೂ ಇದೇ ಅಲ್ಲವೇ? ಸಭೆಯಲ್ಲಿ ಒಬ್ಬ ಹಂಗಿಸಿದ, ಗೊತ್ತಿದ್ದವರು ಸುಮ್ಮನಾದರು. ಆದರೆ ಕರ್ಣ ಆ ಹೊತ್ತಿನಲ್ಲಿ ಮಾಡಿದ್ದೇನು ನೋಡಿ. ಹೆತ್ತವರು ಯಾರೋ ಅಂತ ಜನರ ಮುಖ ಹುಡುಕಲಿಲ್ಲ. ಸಾಕಿದವನ ಕಾಲಿಗೆ ಬಿದ್ದ.

ಕುಂತಿಯನ್ನು ಎಳೆಯ ವಯಸ್ಸಿನಲ್ಲಿ ಕೂಸನ್ನು ಹೊಳೆಗೆ ಬಿಟ್ಟಳು ಅಂತ ಜನ ಬೈಯುತ್ತಾರೆ. ನಾನು ಬೈಯುವುದಿಲ್ಲ. ಮದುವೆಯಾಗದ ಹುಡುಗಿ, ಹೆದರಿದಳು. ನನಗೆ ಅವಳ ಮೇಲೆ ಸಿಟ್ಟು ಬರುವುದು ಆಮೇಲಿನದಕ್ಕೆ. ರಂಗದಲ್ಲಿ ಹೇಳಬಹುದಾಗಿತ್ತು, ಹೇಳಲಿಲ್ಲ. ಯುದ್ಧ ಇನ್ನೇನು ಶುರುವಾಗುತ್ತದೆ ಅನ್ನುವಾಗ ಹೊಳೆ ದಡಕ್ಕೆ ಬಂದು ಹೇಳಿದಳು, ಅದರ ಬೆನ್ನಿಗೇ ವರ ಕೇಳಿದಳು. ನಮ್ಮ ನಾಟಕಗಳಲ್ಲಿ ತೊಟ್ಟ ಬಾಣ ಮತ್ತೆ ತೊಡಬೇಡ ಅಂತ ಮಾತು ತೆಗೆದುಕೊಳ್ಳುತ್ತಾಳೆ. ವ್ಯಾಸರಲ್ಲಿ ಅರ್ಜುನನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ ಅಂತ ಕರ್ಣನೇ ಮಾತು ಕೊಡುತ್ತಾನೆ. ಅವಳಿಗಿಂತ ಮೊದಲು ಕೃಷ್ಣ ಹೇಳಿದ, ಅದೂ ಪಕ್ಷ ಬದಲಾಯಿಸಲಿ ಅಂತ. ಇಬ್ಬರೂ ಹೇಳಿದ್ದು ನಿಜವೇ. ಆದರೆ ಆ ನಿಜವನ್ನು ಬೆಲೆ ಕಟ್ಟಿ ಕೊಟ್ಟರು. ಕರ್ಣನಿಗೆ ಅವನ ಹುಟ್ಟು ತಿಳಿಯಲಿ ಎಂಬ ಒಂದೇ ಕಾರಣಕ್ಕೆ ಯಾರೂ ಹೇಳಲಿಲ್ಲ. ಮಹಾಭಾರತದಲ್ಲಿ ನನ್ನ ಮನಸ್ಸನ್ನು ಇದರಷ್ಟು ಕಲಕುವ ಮೋಸ ಇನ್ನೊಂದಿಲ್ಲ. ಅರಗಿನ ಮನೆಯೂ ಅಲ್ಲ, ಪಗಡೆಯೂ ಅಲ್ಲ.

ನಿಮ್ಮ ಮನೆಯಲ್ಲಿ ಹಾಗಾಗಿಲ್ಲ. ಇದನ್ನು ನೀವು ಸಿಟ್ಟಿನಲ್ಲಿ ಗಮನಿಸಿಲ್ಲ. ನಿಮ್ಮವ್ವ, ನಿಮ್ಮಪ್ಪ, ಚಿಕ್ಕವ್ವ ಯಾರೂ ಈ ಗುಟ್ಟನ್ನು ತೋರಿಸಿ ನಿಮ್ಮಿಂದ ಏನನ್ನೂ ಕೇಳಿಲ್ಲ. ಗುಟ್ಟನ್ನು ಆಯುಧ ಮಾಡಿಕೊಂಡವರು ಒಬ್ಬರೇ, ನಿಮ್ಮ ದೊಡ್ಡಪ್ಪನ ಮಗ. ಪಾರ್ಟಿನ ದುಡ್ಡಿಗೆ ಶುರುವಾದ ಜಗಳ ನಿಮ್ಮ ಹುಟ್ಟಿನವರೆಗೆ ಹೋಯಿತು ಅಂದರೆ ಅದರ ಬೇರು ಆ ಎರಡೂವರೆ ಎಕರೆ ಗದ್ದೆಯಲ್ಲಿದೆಯೇನೋ ಅಂತ ನನಗೆ ಅನುಮಾನ. ಅದರ ಮಾತು ಆಮೇಲೆ.

ಕರ್ಣನ ಇನ್ನೊಂದು ಕಡೆಯನ್ನೂ ಹೇಳದೆ ಬಿಟ್ಟರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಮೋಸಕ್ಕೆ ಒಳಗಾದ ಕರ್ಣ ತಾನೂ ಸುಳ್ಳು ಹೇಳಿದವನು. ಬ್ರಾಹ್ಮಣ ಅಂತ ಹೇಳಿಕೊಂಡು ಪರಶುರಾಮನ ಹತ್ತಿರ ವಿದ್ಯೆ ಕಲಿತ. ತೊಡೆ ಕೊರೆದ ಹುಳುವಿನಿಂದ ಗುಟ್ಟು ಹೊರಬಿತ್ತು, ಬೇಕಾದ ಹೊತ್ತಿಗೆ ಬ್ರಹ್ಮಾಸ್ತ್ರ ಮರೆತು ಹೋಗಲಿ ಅಂತ ಶಾಪ ಬಂತು. ನಿಜ ಸಿಗದ ಮನೆಯಲ್ಲಿ ಬೆಳೆದವರಿಗೆ ಮುಚ್ಚಿಡುವುದು ಬೇಗ ರೂಢಿಯಾಗುತ್ತದೆ. ನೀವು ಹೇಳದೆ ಮೈಸೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದಿರಿ. ಅವ್ವ ಸಂತೆಗೆ ಹೋದಾಗ ಟ್ರಂಕು ತೆಗೆದಿರಿ. ತಪ್ಪು ಅಂತ ಬೈಯಲು ಹೇಳುತ್ತಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ತೆಗೆಯುತ್ತಿದ್ದೆನೇನೋ. ಆದರೆ ಹದಿನೈದು ದಿನದಲ್ಲಿ ನಿಮಗೇ ಇಷ್ಟು ಗುಟ್ಟು ಸೇರಿತಲ್ಲ, 27 ವರ್ಷ ಒಂದು ಗುಟ್ಟು ಹೊತ್ತವರ ಎದೆ ಹೇಗಿರಬೇಕು ಅಂತ ಒಂದು ಗಳಿಗೆ ಯೋಚನೆ ಮಾಡಿ.

ನಿಮ್ಮ ಕಾಗದ ಓದುವಾಗ ಕರ್ಣನಿಗಿಂತ ಹೆಚ್ಚಾಗಿ ನನಗೆ ನೆನಪಾದವನು ಗ್ರೀಕರ ಈಡಿಪಸ್. ಸಾಫೊಕ್ಲಿಸ್ ಬರೆದ ಆ ದುರಂತ ನಾಟಕವನ್ನು ಪಿ. ಲಂಕೇಶ್ ‘ದೊರೆ ಈಡಿಪಸ್’ ಅಂತ ಕನ್ನಡಕ್ಕೆ ತಂದರು. 1972ರಲ್ಲಿ ಬೆಂಗಳೂರಿನಲ್ಲಿ ಬಿ.ವಿ. ಕಾರಂತರು ಅದನ್ನು ಬಯಲು ರಂಗದಲ್ಲಿ ಆಡಿಸಿದರು. ಅದರ ಕಥೆ ಶುರುವಾಗುವುದೇ ನಿಮ್ಮ ಪ್ರಾಕ್ಟೀಸಿನ ರಾತ್ರಿಯ ಹಾಗೆ. ಕೊರಿಂಥದ ಅರಮನೆಯ ಊಟದಲ್ಲಿ ಕುಡಿದವನೊಬ್ಬ ಈಡಿಪಸ್‌ಗೆ, ನೀನು ನಿಮ್ಮಪ್ಪನ ಮಗನಲ್ಲ ಅನ್ನುತ್ತಾನೆ. ಈಡಿಪಸ್ ಮಾರನೆಯ ದಿನ ಸರಿಯಾದ ಕೆಲಸವನ್ನೇ ಮಾಡುತ್ತಾನೆ. ತಂದೆ ತಾಯಿಯನ್ನೇ ಹೋಗಿ ಕೇಳುತ್ತಾನೆ. ಅವರು ಆ ಕುಡುಕನ ಮೇಲೆ ಹರಿಹಾಯುತ್ತಾರೆ. ನೀನು ನಾವು ಹೆತ್ತವನಲ್ಲ, ಆದರೆ ನಮ್ಮ ಮಗನೇ ಅನ್ನುವ ಒಂದು ಮಾತು ಅವರ ಬಾಯಿಂದ ಬರುವುದಿಲ್ಲ. ಪ್ರೀತಿಗೇ ಮುಚ್ಚಿಟ್ಟರು. ಅವನ ಮನಸ್ಸಿನ ಮುಳ್ಳು ಹೋಗಲಿಲ್ಲ. ಎರಡನೇ ಸಲ ಅವರನ್ನು ಕೇಳುವ ಬದಲು ಅವರಿಗೆ ತಿಳಿಸದೆ ಡೆಲ್ಫಿಯ ದೇವರ ಹತ್ತಿರ ಹೋದ. ನೀನು ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತೀಯೆ ಅಂತ ಅಲ್ಲಿ ಕೇಳಿ, ಕೊರಿಂಥದವರೇ ಹೆತ್ತವರು ಅಂದುಕೊಂಡು ಅವರಿಂದ ದೂರ ಓಡಿದ. ಆ ದಾರಿಯಲ್ಲೇ, ಮೂರು ರಸ್ತೆ ಕೂಡುವಲ್ಲಿ, ಹೆತ್ತ ತಂದೆಯನ್ನು ಗುರುತಿಲ್ಲದೆ ಕೊಂದ. ಥೀಬ್ಸ್‌ಗೆ ಹೋಗಿ ಹೆತ್ತ ತಾಯಿಯನ್ನೇ ಮದುವೆಯಾದ.

ಮಗುವನ್ನು ಕೊಲ್ಲಲಾರದೆ ಕೈಗೆ ಕೈ ದಾಟಿಸಿದ ಕುರುಬ, ಮಕ್ಕಳಿಲ್ಲದೆ ಎದೆಗವಚಿಕೊಂಡ ರಾಜ ರಾಣಿ, ಗೊತ್ತಿದ್ದೂ ಬಾಯಿ ಬಿಡಲೊಲ್ಲದ ಕುರುಡ ಕಾಲಜ್ಞಾನಿ, ಸತ್ಯ ಹೊಳೆದ ಕೂಡಲೇ ಇನ್ನು ಕೇಳಬೇಡ ಸಾಕು ಅಂತ ಅಂಗಲಾಚುವ ಹೆತ್ತ ತಾಯಿ ಯೊಕಾಸ್ಟ. ಅಲ್ಲಿ ಇವರ ಯಾರ ಕೈಯಲ್ಲೂ ವಿಷವಿಲ್ಲ. ಎಲ್ಲರೂ ಅವನ ಒಳ್ಳೆಯದಕ್ಕೇ ಮುಚ್ಚಿಟ್ಟವರು. ಮನೆಯೊಳಗೆ ಹೇಳಬೇಕಾದದ್ದನ್ನು ಹೇಳದೆ ಇದ್ದರೆ ಅದು ಕುಡಿದವನ ಬಾಯಲ್ಲಿ ಬರುತ್ತದೆ. ನಿಮ್ಮ ಅನುಮಾನ ನಿಜವಾದರೆ, ನಿಮ್ಮವ್ವ ಅಪ್ಪ ಎಡವಿದ್ದು ಇಲ್ಲೇ. ತಪ್ಪು ತಪ್ಪೇ. ಇಷ್ಟು ದೊಡ್ಡವರಾದ ನಿಮಗೆ ಅವರು ಹೇಳಬೇಕಾಗಿತ್ತು. ನಿಮಗೆ ಆಗಿರುವ ನೋವು ನ್ಯಾಯದ್ದು, ಅದನ್ನು ನುಂಗಿಕೊಳ್ಳಿ ಅಂತ ನಾನು ಹೇಳುವುದಿಲ್ಲ.

ಆದರೆ ಅವರು ಯಾಕೆ ಹೇಳಲಿಲ್ಲ ಅನ್ನುವುದನ್ನು ನಮ್ಮ ಕಡೆಯವಳಾಗಿ ನಾನು ಊಹಿಸಬಲ್ಲೆ. ಮಕ್ಕಳಾಗದ ಹೆಂಗಸಿಗೆ ನಮ್ಮ ಹಳ್ಳಿಗಳು ಇಟ್ಟಿರುವ ಹೆಸರು ನಿಮಗೆ ಗೊತ್ತು. ಸೀಮಂತಕ್ಕೆ ಕರೆಯುವುದಿಲ್ಲ, ಕೂಸಿಗೆ ದೃಷ್ಟಿಯಾಗುತ್ತದೆ ಅಂತ ಸೆರಗು ಮುಚ್ಚುತ್ತಾರೆ. ತಂಗಿಯ ಕೂಸು ಮಡಿಲಿಗೆ ಬಿದ್ದ ದಿನ ನಿಮ್ಮವ್ವನಿಗೆ ಆ ಹೆಸರು ಕಳಚಿತು. ಅದನ್ನು ಮತ್ತೆ ಬಾಯಿಬಿಟ್ಟು ಹೇಳುವುದು ಎಂದರೆ ಆ ಹೆಸರನ್ನು ತಾನೇ ಮತ್ತೆ ಹೊತ್ತುಕೊಂಡ ಹಾಗೆ ಅಂತ ಅವಳಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಚಿಕ್ಕವ್ವನ ಕಡೆಯದೂ ಇದೆ. ಹೆತ್ತು ಕೊಟ್ಟವಳು ಪ್ರತಿ ವರ್ಷ ಜಾತ್ರೆಗೆ ಬಂದು, ಅಂಗಿ ಕೊಟ್ಟು, ತಲೆ ಮುಟ್ಟಿ, ಬಸ್ಸು ಹತ್ತುತ್ತಾಳೆ. ಅವಳಿಗೆ ಸಿಕ್ಕಿದ್ದು ಅಷ್ಟೇ.

ಚುಂಚನಕಟ್ಟೆಯ ಕೋದಂಡರಾಮನ ಗುಡಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಪಕ್ಕದಲ್ಲೇ ಕಾವೇರಿ ಎರಡಾಗಿ ಧುಮುಕುವ ಸದ್ದಿಗೆ ಹೊರಗೆ ನಿಂತವರ ಮಾತು ಒಬ್ಬರಿಗೊಬ್ಬರಿಗೆ ಕೇಳಿಸುವುದಿಲ್ಲ. ಗರ್ಭಗುಡಿಯೊಳಗೆ ಮಾತ್ರ ಆ ಸದ್ದು ಬರುವುದೇ ಇಲ್ಲ ಅಂತ ಜನ ಹೇಳುತ್ತಾರೆ. ಚಿಕ್ಕವಳಿದ್ದಾಗ ನಮ್ಮಜ್ಜಿ ನನ್ನನ್ನು ಅಲ್ಲಿ ನಿಲ್ಲಿಸಿ, ಕೇಳಿಸ್ತದೇನು ಅಂತ ಕೇಳಿದ್ದರು. ನಿಮ್ಮ ಕಾಗದ ಓದಿದಾಗ ಅದು ನೆನಪಾಯಿತು. ಊರೆಲ್ಲ ಭೋರ್ಗರೆಯುವ ಮಾತು ನಿಮ್ಮ ಮನೆಯ ಒಳಕೋಣೆಗೆ ಮಾತ್ರ ಬರದ ಹಾಗೆ ಇಬ್ಬರು ಮುದುಕರು ಇಷ್ಟು ವರ್ಷ ಬಾಗಿಲು ಕಾದಿದ್ದಾರೆ.

ಇನ್ನೊಂದು ಮಾತು. ನಮ್ಮ ನುಡಿಯಲ್ಲಿ ಅವ್ವನ ತಂಗಿ ಚಿಕ್ಕವ್ವ. ಅವಳೂ ಅವ್ವನೇ, ಚಿಕ್ಕ ಅವ್ವ. ಅವಳ ಹೆಣ್ಣುಮಕ್ಕಳು ನಿಮಗೆ ತಂಗಿಯರೇ. ಹುಟ್ಟಿದಾಗಿನಿಂದ ಅಣ್ಣಾ ಅಂತಲೇ ಕರೆದಿರುತ್ತಾರೆ. ಅವ್ವ ಅನ್ನುವ ಮಾತನ್ನು ಅವಳಿಂದ ಯಾರೂ ಪೂರ್ತಿ ಕಿತ್ತುಕೊಂಡಿಲ್ಲ. ನಿಜ ಗೊತ್ತಾದ ಮೇಲೂ ಯಾರನ್ನೂ ಹೊಸ ಹೆಸರಿನಿಂದ ಕರೆಯುವ ಕಷ್ಟ ನಿಮಗಿಲ್ಲ.

ಈಗ ಏನು ಮಾಡಬೇಕು ಅನ್ನುವುದು. ನಾಟಕಕ್ಕೆ ಇನ್ನೂ ದಿನ ಇದ್ದರೆ, ಅದಕ್ಕೆ ಮೊದಲೇ ಅವ್ವನ ಹತ್ತಿರ ಮಾತಾಡಿ. ಪ್ರಾಕ್ಟೀಸಿನಿಂದ ಬಂದ ರಾತ್ರಿ ಬೇಡ, ಮೈ ದಣಿದು ಬಾಯಿ ಹರಿತವಾಗಿರುತ್ತದೆ. ಬೆಳಿಗ್ಗೆ ಗದ್ದೆ ಕಡೆ ಅವ್ವನ ಜೊತೆ ಹೋಗುವ ದಿನ ನೋಡಿಕೊಳ್ಳಿ. ಕೈ ಕೆಲಸ ಮಾಡುತ್ತಿರುವಾಗ, ಎದುರುಬದುರು ಮುಖ ನೋಡಬೇಕಾಗಿಲ್ಲದಾಗ ಇಂಥ ಮಾತು ಸಲೀಸು. ಚೀಟಿ ತೆಗೆದು ತೋರಿಸಬೇಡಿ. ‘ಯಾಕೆ ಮೋಸ ಮಾಡಿದೆ’ ಅಂತ ಶುರು ಮಾಡಬೇಡಿ. ‘ಅವ್ವಾ, ನಂಗೊಂದು ಮಾತು ಕಿವಿಗೆ ಬಿದ್ದದೆ. ಏನೇ ಆಗಿದ್ರೂ ನೀನೇ ನನ್ನವ್ವ. ಆದ್ರೆ ಅದು ನಿನ್ನ ಬಾಯಿಂದ ಕೇಳ್ಬೇಕು’ ಅನ್ನಿ. ಇಷ್ಟು ಸಾಕು. ಟ್ರಂಕು ತೆಗೆದದ್ದನ್ನೂ ಅದೇ ದಿನ ಹೇಳಿಬಿಡಿ.

ಅವಳು ಅಳಬಹುದು. ಅಳಲಿ, ಕೂತಿರಿ. ಯಾವನು ಹೇಳಿದ್ದು ಅಂತ ರೇಗಬಹುದು, ಕೊರಿಂಥದ ರಾಣಿಯ ಹಾಗೆ. ಹಾಗೇನೂ ಇಲ್ಲ ಅಂತ ಸುಳ್ಳೂ ಹೇಳಬಹುದು. ಆಗ ಈಡಿಪಸ್‌ನ ಹಾಗೆ ಹಿಂದಿನ ಬಾಗಿಲಿನಿಂದ ಇನ್ನೊಬ್ಬರ ಹತ್ತಿರ ಓಡಬೇಡಿ. ನಾಲ್ಕು ದಿನ ಬಿಟ್ಟು ಮತ್ತೆ ಅವಳನ್ನೇ ಕೇಳಿ. ಅಪ್ಪನ ಆರೋಗ್ಯ ಹೇಗಿದೆ ಅನ್ನುವುದನ್ನು ಅವ್ವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರಿಗೆ ಯಾವಾಗ, ಹೇಗೆ ತಿಳಿಸಬೇಕು ಅನ್ನುವುದು ಅವಳಿಗೆ ಬಿಡಿ.

ಪಿರಿಯಾಪಟ್ಟಣಕ್ಕೆ ಒಬ್ಬರೇ ಬಸ್ಸು ಹತ್ತಬೇಡಿ. ಚಿಕ್ಕವ್ವನಿಗೆ ಗಂಡನಿದ್ದಾರೆ, ಅತ್ತೆಮನೆಯಿದೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಯಾರಿಗೆ ಎಷ್ಟು ಗೊತ್ತು ಅನ್ನುವುದು ನಿಮಗೆ ತಿಳಿಯದು. ಆ ಮನೆಯ ಹೊಸ್ತಿಲು ತುಳಿಯುವಾಗ ಅವ್ವ ಜೊತೆಗಿರಲಿ.

ಗದ್ದೆಯ ಮಾತು ಬಾಕಿ ಇತ್ತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ವಿಧಿವತ್ತಾಗಿ ದತ್ತು ಬಂದ ಮಗ ಆ ದಿನದಿಂದ ದತ್ತು ಪಡೆದವರ ಮಗನೇ, ಹುಟ್ಟಿದ ಮಗನಿಗಿರುವ ಹಕ್ಕೆಲ್ಲ ಅವನಿಗಿದೆ. ಒಮ್ಮೆ ಕ್ರಮವಾಗಿ ಆದ ದತ್ತು ರದ್ದಾಗುವುದಿಲ್ಲ. ಕಾಗದ ರಿಜಿಸ್ಟರ್ ಆಗಿರಲೇಬೇಕು ಅಂತ ಇಲ್ಲ, ಆಗಿದ್ದರೆ ಸಾಬೀತು ಸುಲಭ. ಆದರೆ ಹೆತ್ತವರು ಕೊಟ್ಟು ಇವರು ತೆಗೆದುಕೊಂಡದ್ದು ನಡೆದಿರಬೇಕು. ಬರೀ ಸಾಕಿದ್ದನ್ನು ಕಾನೂನು ದತ್ತು ಅನ್ನುವುದಿಲ್ಲ. ಅಂದು ಮಡಿಲು ತುಂಬಿದ್ದನ್ನು ನೋಡಿದವರು ಯಾರಿದ್ದರು ಅಂತ ಅವ್ವನನ್ನು ಕೇಳಿ ತಿಳಿದುಕೊಳ್ಳಿ. ನಿಮ್ಮ ಶಾಲೆಯ ಟಿ.ಸಿ., ರೇಷನ್ ಕಾರ್ಡು ಎಲ್ಲ ಒಂದು ಕಡೆ ಇಟ್ಟುಕೊಳ್ಳಿ. ಏನೇ ಇರಲಿ, ಅಪ್ಪ ಚೆನ್ನಾಗಿರುವಾಗಲೇ ತಮ್ಮ ಪಾಲಿಗೆ ಒಂದು ಉಯಿಲು ಬರೆದು ರಿಜಿಸ್ಟರ್ ಮಾಡಿಸಿದರೆ ದಾಯಾದಿಗಳ ಬಾಯಿಗೆ ಕೆಲಸ ಕಡಿಮೆಯಾಗುತ್ತದೆ. ಕೆ.ಆರ್. ನಗರದ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯವರನ್ನು ವಿಚಾರಿಸಿ. ಆದರೆ ಈ ಮಾತನ್ನು ಅವ್ವನ ಜೊತೆ ಮೊದಲ ದಿನವೇ ಎತ್ತಬೇಡಿ. ಎತ್ತಿದರೆ ನೀವೂ ಹೊಳೆ ದಡದ ಕುಂತಿಯ ಹಾಗೆ ಆಗುತ್ತೀರಿ.

ನಿಮಗೆ ಹೆಣ್ಣು ನೋಡುವ ವಯಸ್ಸು, ಆದ್ದರಿಂದ ಇದನ್ನೂ ಹೇಳಬೇಕು. ದತ್ತು ಹೋದ ಮಗನಿಗೆ ಹು‌ಟ್ಟಿದ ಮನೆಯ ಉಳಿದ ನಂಟೆಲ್ಲ ಕಡಿದರೂ ಕಾನೂನು ಒಂದನ್ನು ಉಳಿಸಿದೆ. ಹುಟ್ಟಿದ ಮನೆಯಲ್ಲೇ ಇದ್ದಿದ್ದರೆ ಯಾರನ್ನು ಮದುವೆಯಾಗಬಾರದಿತ್ತೋ ಅವರನ್ನು ದತ್ತು ಹೋದ ಮೇಲೂ ಆಗುವಂತಿಲ್ಲ. ಚಿಕ್ಕವ್ವನ ಗಂಡನ ಅಣ್ಣತಮ್ಮಂದಿರ ಮಗಳನ್ನು, ಏನೂ ತಿಳಿಯದ ಯಾರೋ ನಾಳೆ ನಿಮಗೆ ತೋರಿಸಿದರೆ? ಈಡಿಪಸ್‌ನ ಕಥೆಯನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಇದೂ ಒಂದು ಕಾರಣ. ಅವ್ವ ಹೇಳಲು ಹಿಂಜರಿದರೆ ಈ ಮಾತನ್ನು ಮೆಲ್ಲಗೆ ನೆನಪಿಸಬಹುದು.

ನಿದ್ದೆ ಇಲ್ಲ ಅಂತ ಬರೆದಿದ್ದೀರಿ. ರಾತ್ರಿ ತಲೆ ಸಿಡಿಯುವ ಹಾಗಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ದೊಡ್ಡಪ್ಪನ ಮಗನ ಜೊತೆ ಸದ್ಯಕ್ಕೆ ರಂಗದ ಮಾತು ಬಿಟ್ಟು ಬೇರೆ ಮಾತು ಬೇಡ. ನಾಟಕದಲ್ಲಿ ದುರ್ಯೋಧನ ಕರ್ಣನ ಕುಲ ಕೇಳದೆ ಕೈ ಹಿಡಿದವನು. ಅವರು ಆ ಪಾರ್ಟಿನ ಮಾತನ್ನಾದರೂ ಸರಿಯಾಗಿ ಕಲಿಯಲಿ.

ಕೃಷ್ಣ ಬಂದು ನೀನು ಪಾಂಡವರ ಅಣ್ಣ, ರಾಜ್ಯ ನಿನ್ನದು ಅಂದಾಗ ಕರ್ಣ ಕೊಟ್ಟ ಉತ್ತರ ನಿಮಗೆ ಮೇಷ್ಟ್ರು ಹೇಳಿಕೊಟ್ಟಿದ್ದಾರೋ ಇಲ್ಲವೋ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಅವನು ಹೇಳುತ್ತಾನೆ: ನನ್ನನ್ನು ಕಂಡ ಕೂಡಲೇ ರಾಧೆಯ ಎದೆಯಲ್ಲಿ ಹಾಲು ಇಳಿಯಿತು, ನನ್ನ ಮಲಮೂತ್ರ ಬಳಿದವಳು ಅವಳು, ಅವಳಿಗೆ ನಾನು ಹೇಗೆ ಪಿಂಡ ತಪ್ಪಿಸಲಿ ಅಂತ. ಕುಂತಿಯ ಮಗ ಅಂತ ತಿಳಿದ ಮೇಲೂ ಅವನು ರಾಧೇಯನಾಗಿಯೇ ಉಳಿದ.

ಅವ್ವನ ಜೊತೆ ಮಾತಾಡಿದ ಮೇಲೆ ನನಗೆ ಒಂದು ಸಾಲು ಬರೆಯಿರಿ. ನಾಟಕದ ರಾತ್ರಿ ಅವಳನ್ನೂ ಚಿಕ್ಕವ್ವನನ್ನೂ ಮುಂದಿನ ಸಾಲಿನಲ್ಲಿ ಅಕ್ಕಪಕ್ಕ ಕೂರಿಸಿ, ಮೇಷ್ಟ್ರು ಕಲಿಸಿದಷ್ಟನ್ನೇ ಚೆನ್ನಾಗಿ ಆಡಿ.